ಉಗುರುಸುತ್ತಿಗೆ ಊರೆಲ್ಲ ಬಂದದ್ದು

ನಮ್ಮ ಊರಿನವರು ಬಹಳ ಒಳ್ಳೆಯವರು ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ನಾವು ತುರಿಕೆಯವರು, ಅಷ್ಟೇ. ಕೆಳಗಿನ ಬೀದಿಯಲ್ಲಿ ಒಂದು ಮಗುವಿನ ಕಾಲಿಗೆ ಗಾಜು ಚುಚ್ಚಿತೆನ್ನಿ, ಪಕ್ಕದ ಮನೆಯವರ ಅಂಗೈ ತುರಿಸಲು ಶುರುವಾಗುತ್ತದೆ. ಅವರದು ತುರಿಸಿದ್ದೇ ತಡ, ಅವರ ಪಕ್ಕದವರದು, ಆಮೇಲೆ ಅದರಾಚೆಯವರದು. ಗೋಡೆಗೆ ಉಜ್ಜಿದರೂ ಹೋಗುವುದಿಲ್ಲ, ಉಪ್ಪುನೀರಿನಲ್ಲಿ ಅದ್ದಿದರೂ ಹೋಗುವುದಿಲ್ಲ. ಆ ಮಗುವನ್ನು ಹುಡುಕಿಕೊಂಡು ಹೋಗಿ ಗಾಜು ಕೀಳಬೇಕು, ಇಲ್ಲವೇ ಗಾಜು ಕೀಳುವವರಿಗೆ ಬಿಸಿನೀರು ತಂದುಕೊಡಬೇಕು, ಅದೂ ಆಗದಿದ್ದರೆ ಮಗುವಿನ ತಲೆ ಸವರಿ ‘ಅಯ್ಯೋ ಕಂದಾ’ ಎಂದಾದರೂ ಅನ್ನಬೇಕು. ಆಗ ಅಂಗೈ ತಣ್ಣಗಾಗುತ್ತದೆ. ಇದಕ್ಕೆ ನಾವು ಕರುಣೆ ಎಂದು ಹೆಸರಿಟ್ಟಿದ್ದೇವೆ. ಊರಬಾಗಿಲಲ್ಲಿ ಕಲ್ಲಿನ ಮೇಲೆ ‘ಇದು ಕರುಣೆಯ ಊರು’ ಎಂದು ಕೆತ್ತಿಸಿಯೂ ನಿಲ್ಲಿಸಿದ್ದೇವೆ. ತುರಿಕೆಯ ಊರು ಎಂದು ಕೆತ್ತಿಸಿದರೆ ನಮಗೆ ಹೆಣ್ಣು ಯಾರು ಕೊಡುತ್ತಾರೆ?

ಅಂಗೈಯದೊಂದೇ ಅಲ್ಲ. ಅಂಟುವ ಕಾಯಿಲೆಯಾದರೆ ಅಕ್ಕಪಕ್ಕದವರ ಕಿವಿ ತುರಿಸುತ್ತದೆ. ಬಾಗಿಲು, ಕಿಟಕಿ, ಬಚ್ಚಲ ತೂತು, ಎಲ್ಲವನ್ನೂ ಮುಚ್ಚಿ ಅಗುಳಿ ಹಾಕುವ ತನಕ ಅದು ಬಿಡುವುದಿಲ್ಲ. ಕಾಯಿಲೆ ಬಲವಾದರೆ ನೆತ್ತಿ ತುರಿಸುತ್ತದೆ. ಆಗ ಒಲೆ ಹೊತ್ತಿಸಬೇಕು, ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ರೋಗಿಯ ಮನೆಗೆ ಹೊತ್ತುಕೊಂಡು ಹೋಗಬೇಕು. ಕಾವಿಗೆ ರೋಗ ಓಡುತ್ತದಂತೆ. ಯಾಕೆ ಹೀಗೆ ಎಂದು ಕೇಳಿದರೆ ಅಜ್ಜಿ ಒಂದೊಂದು ದಿನ ಒಂದೊಂದು ಕಥೆ ಹೇಳುತ್ತಿದ್ದಳು. ಒಂದು ದಿನದ ಕಥೆಯಲ್ಲಿ ಬಾಯಾರಿದ ದೇವತೆಗೆ ನೀರು ಕೊಡದ್ದಕ್ಕೆ ಅದು ಶಾಪ. ಮರುದಿನದ ಕಥೆಯಲ್ಲಿ ಅದೇ ದೇವತೆಗೆ ಮಜ್ಜಿಗೆ ಕೊಟ್ಟದ್ದಕ್ಕೆ ವರ. “ಶಾಪಾನೋ ವರಾನೋ, ಒಂದು ಹೇಳಜ್ಜಿ” ಎಂದರೆ, “ಅಂಗೈ ಯಾರ್ದು, ಕಾಲು ಯಾರ್ದು ಅನ್ನೋದ್ರ ಮೇಲೈತೆ ಕಣೆ” ಎನ್ನುವಳು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ವಿಷಯಕ್ಕೆ ಬರಲೇಬೇಕು. ನಮ್ಮದು ಆಕಳಿಕೆಯ ಮನೆ. ತಾತನ ಕಡೆಯಿಂದ ಬಂದದ್ದು. ರೋಗಿಗೆ ಆಗಬೇಕಾದದ್ದೆಲ್ಲ ಆಯಿತು, ಇನ್ನು ಸಾಕು ಎನ್ನುವ ಹೊತ್ತಿಗೆ ನಮ್ಮವರ ಬೆನ್ನುಮೂಳೆಯ ಬುಡದಿಂದ ಒಂದು ಆಕಳಿಕೆ ಏಳುತ್ತದೆ. ಅದನ್ನು ನೋಡಿದವರೂ ಆಕಳಿಸುತ್ತಾರೆ, ಅವರನ್ನು ನೋಡಿದವರೂ ಆಕಳಿಸುತ್ತಾರೆ, ತುರಿಕೆಗಳೆಲ್ಲ ಅಡಗಿ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಬೇರೆ ಮನೆಯವರ ಆಕಳಿಕೆ ಬರೀ ನಿದ್ದೆಯದು, ಅದಕ್ಕೆ ಯಾರೂ ಏಳುವುದಿಲ್ಲ. ಬೇಕೆಂದು ಬಾಯಿ ತೆರೆದರೂ ನಡೆಯದು. ತಾನಾಗಿ ಬರಬೇಕು.

ಇಂಥ ಕಸುಬಿಗೆ ಊರು ಎಷ್ಟು ಗೌರವ ಕೊಟ್ಟೀತು ಎಂದು ನೀವೇ ಊಹಿಸಿ. ಗಾಜು ಕಿತ್ತವರ ಹೆಸರು ಹತ್ತು ವರ್ಷ ನಡೆಯುತ್ತದೆ, ಬಿಸಿನೀರು ತಂದವರಿಗೂ ಒಂದು ಲೋಟ ಪಾನಕ ಸಿಗುತ್ತದೆ. ಆಕಳಿಸಿದವರಿಗೆ ಸಿಗುವುದು, “ನೋಡು, ಎಲ್ರೂ ಹೆಣಗಾಡ್ತಾವ್ರೆ, ಇದು ಬಾಯ್ ಬಿಟ್ಕೊಂಡ್ ಕೂತದೆ” ಎಂಬ ಮಾತು. ಅಜ್ಜಿಯ ಕಥೆಗಳಲ್ಲಿ ಚೆಲುವೆಯರು ಬಾಯಿ ತೆರೆದರೆ ಮುತ್ತು ಉದುರುತ್ತದೆ. ನಾನು ಬಾಯಿ ತೆರೆದರೆ ಜನ ಎದ್ದು ಹೋಗುತ್ತಾರೆ. ನನ್ನನ್ನು ನೋಡಲು ಬಂದ ಗಂಡಿನವರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲೇ ಹೋದದ್ದು ಹಾಗೆ. ವರ ಪಾಪ, ಹೊಸ್ತಿಲು ದಾಟುವಾಗಲೂ ಆಕಳಿಸುತ್ತಿದ್ದ.

ಊರಿನ ಕೋಪಕ್ಕೆ ಕಾರಣವೂ ಇತ್ತು, ಇಲ್ಲವೆನ್ನಲಾರೆ. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಗಾಣದ ಮಾದಯ್ಯನ ಹಿಮ್ಮಡಿಗೆ ತುಕ್ಕು ಹಿಡಿದ ಮೊಳೆ ಹೊಕ್ಕಿತ್ತು. ಎಲ್ಲರೂ ಸೇರಿ ಅರ್ಧ ಕಿತ್ತಿದ್ದರು. ಮೂಲೆಯಲ್ಲಿ ಕೂತಿದ್ದ ನನ್ನ ದೊಡ್ಡಪ್ಪ ಜವರಪ್ಪನಿಗೆ ಆಗಲೇ ಆಕಳಿಕೆ ಬಂತು. ಮೊಳೆ ಹಿಡಿದಿದ್ದವರೂ ಆಕಳಿಸುತ್ತ ಇಕ್ಕಳ ಕೆಳಗಿಟ್ಟು ಮನೆಗೆ ಹೋದರು. ಕಾಲು ಕೊಳೆಯಿತು. ಮಾದಯ್ಯ ಈಗಲೂ ಕೋಲೂರಿಕೊಂಡು ನಡೆಯುತ್ತಾನೆ. ದೊಡ್ಡಪ್ಪ ಮುಖ ತೋರಿಸಲಾಗದೆ ಹೊಳೆಯಾಚೆ ಮಗಳ ಮನೆ ಸೇರಿದ. ಆಮೇಲೆ ಊರ ಯಜಮಾನ ಸಂಪಂಗಯ್ಯ ತಮಟೆ ಹೊಡೆಸಿ ಸಾರಿಸಿದ್ದು ಇದು: ಆಕಳಿಕೆ ಮನೆಯವರು ರೋಗಿಯ ಹತ್ತಿರ ಕೂರುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು, ಗೋಡೆಗೆ ಮುಖ ಮಾಡಿ ಕೂರತಕ್ಕದ್ದು. ಒಬ್ಬ ಬೇಗ ಸಾಕೆಂದದ್ದಕ್ಕೆ ಇನ್ನು ಮುಂದೆ ಯಾರೂ ಸಾಕೆನ್ನಕೂಡದು ಎಂದಾಯಿತು. ನ್ಯಾಯವೆಂದರೆ ಹೀಗಿರಬೇಕು.

ಅಲ್ಲಿಂದ ಮುಂದೆ ನಮ್ಮೂರಿನ ಕರುಣೆ ಉಕ್ಕಿ ಹರಿಯಿತು. ಒಬ್ಬೊಬ್ಬರ ತುರಿಕೆ ಅವರವರ ಉಪಕಾರ ಮುಗಿದ ಮೇಲೆ ಅಡಗುತ್ತಿತ್ತು, ನಿಜ. ಆದರೆ ಆ ಉಪಕಾರದ ನೂಕುನುಗ್ಗಲಲ್ಲಿ ರೋಗಿಯ ಕಾಲು ತುಳಿದು ಹೊಸ ನೋವಾಗುತ್ತಿತ್ತು, ಹೊಸ ನೋವಿಗೆ ಹೊಸ ತುರಿಕೆ, ಹೊಸ ತುರಿಕೆಗೆ ಹೊಸ ಜನ. ಒಂದು ಸೀನಿಗೆ ಇಡೀ ಬೀದಿ ಸೇರುವಂತಾಯಿತು. ನೆಗಡಿಯಾದ ಬಳೆಗಾರನ ಬೆನ್ನಿಗೆ ಕಾವು ಕೊಟ್ಟು ಕೊಟ್ಟು ಬೊಬ್ಬೆ ಎಬ್ಬಿಸಿದರು, ಆ ಬೊಬ್ಬೆಗಳಿಗೆ ಬೇರೆ ಜನ ಬಂದರು. ಬಳೆಗಾರ ನೆಗಡಿಯನ್ನು ಈಗ ಮರೆತೇಬಿಟ್ಟಿದ್ದಾನೆ. ಇದನ್ನೂ ಊರವರು ವಾಸಿಯಾದ ಲೆಕ್ಕಕ್ಕೆ ಸೇರಿಸಿದರು.

ಶಾಲೆಯಲ್ಲಿ ಹೊರಗಿನಿಂದ ಬಂದ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ದೇಹದೊಳಗೆ ಗಾಯವಾದರೆ ಜೀವಕೋಶಗಳು ಪ್ರೋಟೀನಿನ ಸಣ್ಣ ಸಣ್ಣ ಓಲೆಕಾರರನ್ನು ಕಳಿಸುತ್ತವೆ, ಅವಕ್ಕೆ ಸೈಟೊಕೈನ್ ಎನ್ನುತ್ತಾರೆ ಎಂದು ಅವರು ಬಹಳ ಉತ್ಸಾಹದಿಂದ ಹೇಳಿದರು. ಒಂದು ಬಗೆಯದು ರಕ್ತದಲ್ಲಿರುವ ಕಾವಲಿನವರನ್ನು ‘ಬನ್ನಿ’ ಎಂದು ಕರೆಯುತ್ತದಂತೆ. ಒಂದು ಬಗೆಯದು ಪಕ್ಕದ ಜೀವಕೋಶಗಳಿಗೆ ‘ವೈರಸ್ ಬಂತು, ಬಾಗಿಲು ಹಾಕಿಕೊಳ್ಳಿ’ ಎನ್ನುತ್ತದಂತೆ. ಇನ್ನೊಂದು ಮಿದುಳಿಗೆ ಹೋಗಿ ‘ಮೈ ಬಿಸಿ ಮಾಡು’ ಎನ್ನುತ್ತದೆ, ಅದೇ ಜ್ವರ. ತರಗತಿ ಬಿದ್ದು ಬಿದ್ದು ನಕ್ಕಿತು. “ಇದ್ರಲ್ಲಿ ನಗೋದೇನಿದೆ?” ಎಂದು ಮೇಷ್ಟ್ರು ಮುನಿಸಿಕೊಂಡರು. ನಾನು ಎದ್ದು ನಿಂತು, “ಸಾರ್, ಸಾಕು ಅನ್ನೋ ಓಲೆಕಾರ ಇಲ್ವಾ?” ಎಂದೆ. “ಇದ್ದಾನೆ. ಅವನು ಬರದೇ ಹೋದ್ರೆ ಎಷ್ಟೋ ಸಲ ರೋಗ ಕೊಲ್ಲಲ್ಲಮ್ಮ, ಕಾಪಾಡೋಕೆ ಬಂದವ್ರೇ ಕೊಂದುಬಿಡ್ತಾರೆ,” ಎಂದರು. ಆಗ ಯಾರೂ ನಗಲಿಲ್ಲ. ಆ ಮೇಷ್ಟ್ರು ವರ್ಷ ಮುಗಿಯುವ ಮೊದಲೇ ವರ್ಗ ಮಾಡಿಸಿಕೊಂಡು ಹೋದರು. ಒಮ್ಮೆ ಅವರಿಗೆ ಬಿಕ್ಕಳಿಕೆ ಬಂದಿತ್ತಂತೆ, ಪಾಪ.

ಈಗ ಅಜ್ಜಿಯ ಬೆರಳಿನ ವಿಷಯ. ಅಂಗಳ ಗುಡಿಸುವಾಗ ಕಡ್ಡಿಪೊರಕೆಯ ಸಿಬಿರೊಂದು ಅವಳ ತೋರುಬೆರಳಿನ ಉಗುರಿನೊಳಗೆ ಹೊಕ್ಕಿತ್ತು. ಅವಳು ಯಾರಿಗೂ ಹೇಳಲಿಲ್ಲ. ಬೆರಳು ಕೆಂಪಾಗಿ ಊದಿ ಉಗುರುಸುತ್ತು ಕಟ್ಟಿದ ಮೇಲೆ ನನ್ನ ಕಣ್ಣಿಗೆ ಬಿತ್ತು.

“ಯಾಕಜ್ಜಿ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಗಾಬ್ರಿ ಬೀಳ್ತೀಯ, ನೀನು ಗಾಬ್ರಿ ಬಿದ್ರೆ ಊರು ಬೀಳ್ತದೆ. ಬೆರಳಲ್ಲಿ ಕೀವು ಇಟ್ಕೊಂಡ್ ಬದುಕ್ಬೋದು. ಮನೇಲಿ ಊರಿಟ್ಕೊಂಡ್ ಬದುಕೋಕಾಯ್ತದಾ? ನಿಂಬೆಹಣ್ಣು ತಾ.”

ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯಂತೆ ಸಿಕ್ಕಿಸಿದೆ. ಅದು ಉಗುರುಸುತ್ತಿಗೆ ಹಳೆಯ ಮದ್ದು. ತುರಿಕೆಗೆ ಮಾತ್ರ ಮದ್ದಿಲ್ಲವಲ್ಲ. ಎದುರು ಮನೆಯ ನಿಂಗಾಜಮ್ಮ ಆಗಲೇ ಅಂಗೈ ಕೆರೆಯುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ತಿರುಗಿದೆ.

“ದೇವೀರಕ್ಕಾ, ಖಾರ ಅರೀತಿದ್ದೆ, ಅಂಗೈ ಕಿತ್ಕೊಂಡ್ ಬಂತು. ನಿಂದೇ ಅಲ್ವಾ ಇದು?”

“ನಂದಲ್ಲ. ಪಕ್ಕದ್ ಮನೆ ನೋಡೋಗು,” ಎಂದಳು ಅಜ್ಜಿ.

“ಪಕ್ಕದ್ ಮನೆ ಮುಂದೆ ಕಮ್ಮಿ ಆಯ್ತದೆ, ನಿನ್ ಬಾಗ್ಲಲ್ಲಿ ಜಾಸ್ತಿ ಆಯ್ತದೆ. ಯಾರತ್ರ ಸುಳ್ಳು? ಸೆರಗಲ್ಲೇನ್ ಮುಚ್ಕೊಂಡಿದ್ದೀ?”

“ನಿಂಬೆಹಣ್ಣು.”

“ನಿಂಬೆಹಣ್ಣೊಳಗೆ?”

“ಬೆರಳು.”

ನಿಂಗಾಜಮ್ಮ ಬಂದದ್ದು ಒಳ್ಳೆಯದೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ನಿಂಬೆಹಣ್ಣಿನಿಂದ ಆ ಬೆರಳು ಉಳಿಯುವಂತಿರಲಿಲ್ಲ. ಅವಳು ಸೂಜಿಯನ್ನು ಬೆಂಕಿಗೆ ಹಿಡಿದು ಕೀವು ಬಿಟ್ಟಳು, ಸಿಬಿರನ್ನು ಮೆಲ್ಲನೆ ಎಳೆದು ತೆಗೆದಳು, ಉಪ್ಪು ಹಾಕಿದ ಬಿಸಿನೀರಿನಲ್ಲಿ ತೊಳೆದು ಅರಿಸಿನ ಹಚ್ಚಿದಳು. ಅಜ್ಜಿ ಉಸ್ಸೆಂದು ಉಸಿರು ಬಿಟ್ಟಳು. ಅದೇ ಕ್ಷಣ ನನ್ನ ಬೆನ್ನುಮೂಳೆಯ ಬುಡದಲ್ಲಿ ಅದು ಎದ್ದಿತು. ದೊಡ್ಡದಾಗಿ, ದುಂಡಗೆ, ಕಣ್ಣಲ್ಲಿ ನೀರು ಬರುವಷ್ಟು. ನಾನು ಕಾನೂನು ಪಾಲಿಸುವ ಹುಡುಗಿ. ಬಟ್ಟೆಯೊಳಗೆ, ಗೋಡೆಗೆ ಆಕಳಿಸಿದೆ. ಗೋಡೆ ಎಲ್ಲಿಗೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ನಿಂಗಾಜಮ್ಮನ ತುರಿಕೆ ಬೀದಿಗೆ ಹಬ್ಬಿತ್ತು. ಹೂ ಕಟ್ಟುವವಳು ಬಂದಳು, ಪಂಕ್ಚರ್ ಅಂಗಡಿಯವನು ಪಂಪ್ ಸಮೇತ ಬಂದ, ಅವರ ಹಿಂದೆ ಅವರ ಮನೆಯವರು. ಬೆರಳಿಗೆ ಆಗಬೇಕಾದದ್ದು ಆಗಿಹೋಗಿತ್ತು. ಆದರೆ ತುರಿಸುವ ಅಂಗೈಗೆ ಏನಾದರೊಂದು ಮಾಡಲೇಬೇಕು. ಬೆರಳು ಸಿಗದವರು ಮೊಣಕೈ ಹಿಡಿದರು, ಮೊಣಕೈ ಸಿಗದವರು ಕಾಲು ತಿಕ್ಕಿದರು. ಒಬ್ಬರು ಹರಳೆಣ್ಣೆ, ಇನ್ನೊಬ್ಬರು ಬೇವಿನೆಣ್ಣೆ. ಎಡಗೈಗೆ ಯಾರೋ ಬಿದಿರು ದಬ್ಬೆ ಇಟ್ಟು ಬಿಗಿದರು, ಅದು ಮುರಿದಿರಲಿಲ್ಲ, ಬಿಗಿದಾಗ ಉಳುಕಿತು. ಉಳುಕಿಗೆ ಇನ್ನೊಂದು ಬೀದಿಯ ಜನ ಬಂದರು. ಪಂಕ್ಚರ್ ಅಂಗಡಿಯವನು ಪಂಪಿನಿಂದ ಅಜ್ಜಿಯ ಮುಖಕ್ಕೆ ಗಾಳಿ ಹೊಡೆಯುತ್ತಿದ್ದ.

“ಲೋ, ನಾನೇನು ಟ್ಯೂಬೇನೋ?” ಎಂದಳು ಅಜ್ಜಿ.

“ಸುಮ್ಕಿರಮ್ಮ, ಉಸ್ರಾಟ ಸಲೀಸಾಯ್ತದೆ. ನಂಗೂ ಈಗ ಹಾಯಾಗಾಯ್ತದೆ.”

“ನಿಂಗಾದ್ರೂ ಆಯ್ತಲ್ಲ ಬಿಡು. ಇಂದ್ರೀ, ಬೆರಳೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಯ್ತದೆ ಕಣೆ!” ಎಂದು ನನ್ನನ್ನು ಕೂಗಿದಳು.

ಎಲ್ಲರೂ ನಕ್ಕರು. ಬಟ್ಟೆಯೊಳಗೆ ನಾನೂ ನಕ್ಕೆ. ಆಮೇಲೆ ನೆತ್ತಿಗಳು ತುರಿಸಲು ಶುರುವಾದವು.

ಒಂದೊಂದಾಗಿ ಅಗ್ಗಿಷ್ಟಿಕೆಗಳು ಒಳಗೆ ಬಂದವು. ಹೊಗೆಗೆ ಅಷ್ಟು ಜನ ಕೆಮ್ಮಿದ್ದರಿಂದ ಅಕ್ಕಪಕ್ಕದ ಮನೆಗಳವರ ಕಿವಿ ತುರಿಸಿ, ಅವರು ತಮ್ಮ ಬಾಗಿಲನ್ನಷ್ಟೇ ಅಲ್ಲ, ನಮ್ಮ ಕಿಟಕಿಗಳನ್ನೂ ಹೊರಗಿನಿಂದ ಮುಚ್ಚಿ ಹಲಗೆ ಒತ್ತಿದರು, ಬೀದಿಯ ತುದಿಗೆ ಗಾಡಿ ಅಡ್ಡ ನಿಲ್ಲಿಸಿದರು. ಬರುವವರು ಗಾಡಿಯ ಕೆಳಗೆ ನುಸುಳಿ ಬರುತ್ತಿದ್ದರು, ಹೋಗಲು ಯಾರಿಗೂ ತೋಚುತ್ತಿರಲಿಲ್ಲ. ಒಳಗೆ ಹೊಗೆ, ಕಾವು, ಎಣ್ಣೆ, ಬೆವರು. ಅಜ್ಜಿಯ ಮೇಲೆ ಎಷ್ಟು ಕಂಬಳಿ ಹೊದಿಸಿದ್ದರೆಂದರೆ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಅದರ ಮೇಲೂ ಯಾರೋ ವಿಭೂತಿ ಬಳಿದಿದ್ದರು.

“ಅಜ್ಜೀ,” ಎಂದು ಕರೆದೆ. ಅವಳು ಏನಾದರೂ ಕುಚೋದ್ಯ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ಹತ್ತಿರ ನುಗ್ಗಿ ಕಿವಿಯಿಟ್ಟರೆ ಉಸಿರು ಸಣ್ಣಗೆ, ಹರಿದ ತಿದಿಯಂತೆ ಎಳೆಯುತ್ತಿತ್ತು. ಕಂಬಳಿ ಸರಿಸಿದರೆ ತುಟಿ ನೀಲಿಗಟ್ಟಿತ್ತು. “ಸಾಕು, ಎಲ್ಲ ಆಚೆ ಹೋಗಿ, ಸಾಯ್ತಾಳೆ!” ಎಂದು ಕೂಗಿದೆ. ಸಾಯುತ್ತಾಳೆ ಎಂದದ್ದೇ ಅಂಗಳದಲ್ಲಿದ್ದವರೂ ಒಳಗೆ ನುಗ್ಗಿದರು.

ಬಾಯಿಬಟ್ಟೆ ಕಿತ್ತೆಸೆದು, ಜನರತ್ತ ತಿರುಗಿ, ಬಾಯಿ ಅಗಲಿಸಿದೆ. ಆಕಳಿಕೆ ಬರಲಿಲ್ಲ. ಕಣ್ಣು ಮುಚ್ಚಿ ಮೆಲುಕು ಹಾಕುವ ಎಮ್ಮೆಯನ್ನು ನೆನೆದೆ, ಮಧ್ಯಾಹ್ನದ ಬಿಸಿಲನ್ನು, ಮಜ್ಜಿಗೆ ಅನ್ನವನ್ನು, ಸದ್ದಿಲ್ಲದೆ ತೇಲುವ ಮೋಡವನ್ನು ನೆನೆದೆ. ಹಗಲುಗನಸಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೆಸರಾದವಳು ನಾನು. ಆದರೆ ಪ್ರತಿ ಮೋಡದ ಹಿಂದೆಯೂ ಆ ನೀಲಿ ತುಟಿಯೇ ಕಾಣುತ್ತಿತ್ತು. ಪ್ರಾಣಕ್ಕಿಂತ ಹೆಚ್ಚಿನವಳು ಕಣ್ಣೆದುರು ಸಾಯುತ್ತಿರುವಾಗ ಆಕಳಿಸುವುದು ಹೇಗೆ, ನೀವೇ ಹೇಳಿ. ಬರೀ ಬಾಯಿ ತೆರೆದು ನಿಂತೆ.

“ಅಯ್ಯೋ, ಹುಡ್ಗಿಗೆ ದವಡೆ ಹಿಡ್ಕೊಂಡದೆ!” ಎಂದು ಹೂ ಕಟ್ಟುವವಳು ಚೀರಿದಳು. ತಕ್ಷಣ ಐದಾರು ಜನ ನನ್ನ ಮೇಲೆ ಬಿದ್ದರು. ಒಬ್ಬ ಗಲ್ಲ ಹಿಡಿದ, ಇನ್ನೊಬ್ಬಳು ಕರ್ಪೂರದೆಣ್ಣೆ ತಿಕ್ಕಿದಳು, ಮೂರನೆಯವನು ತಲೆಗೆ ಮೊಟಕಿದರೆ ಸರಿಹೋಗುತ್ತದೆಂದು ಮೊಟಕಿದ. ಈಗ ಮನೆಯಲ್ಲಿ ಇಬ್ಬರು ರೋಗಿಗಳಾದೆವು.

ಆಗ ಊರ ಯಜಮಾನ ಸಂಪಂಗಯ್ಯ ದಯಮಾಡಿಸಿದರು. ಇಷ್ಟು ಜನ ಸೇರಿದ ಕಡೆ ಅವರಿಗೆ ಅಂಗೈ ತುರಿಸುವುದಿಲ್ಲ, ನಾಲಿಗೆ ತುರಿಸುತ್ತದೆ. ನಡುಮನೆಯ ಒರಳುಕಲ್ಲಿನ ಮೇಲೆ ಹತ್ತಿ ನಿಂತು ಶಲ್ಯ ಸರಿಮಾಡಿಕೊಂಡರು.

“ಮಾತೆಯರೇ, ಮಹನೀಯರೇ, ಈ ಶುಭ ಸಂದರ್ಭದಲ್ಲಿ...”

“ಶುಭ ಅಲ್ಲ ಯಜಮಾನ್ರೇ, ಉಗುರುಸುತ್ತು,” ಎಂದಿತು ಒಂದು ದನಿ.

“ಈ ಉಗುರುಸುತ್ತಿನ ಸಂದರ್ಭದಲ್ಲಿ ಎರಡೇ ಎರಡು ಮಾತುಗಳನ್ನಾಡಿ ಮುಗಿಸುತ್ತೇನೆ. ಕರುಣೆ ಎಂದರೇನು? ಕರುಣೆ ಎಂದರೆ ಕರುಣೆ. ಇದನ್ನು ಮೊದಲು ನನಗೆ ಹೇಳಿಕೊಟ್ಟವರು ನಮ್ಮ ತಾತನವರು. ನಮ್ಮ ತಾತನವರು ಹುಟ್ಟಿದ್ದು ಒಂದು ಬಡ ಕುಟುಂಬದಲ್ಲಿ. ಅವರ ತಂದೆಯವರ ಬಗ್ಗೆ ಹೇಳದೆ ತಾತನವರ ಬಗ್ಗೆ ಹೇಳುವುದು ಸರಿಯಲ್ಲ...”

ತಾತನ ತಂದೆ ಹುಟ್ಟಿದರು, ಬೆಳೆದರು, ಒಂದು ಕರು ಕೊಂಡರು. ಆ ಕರುವಿನ ಬಣ್ಣದ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದುವಂತೆ. ಮೊದಲನೆಯ ಅಭಿಪ್ರಾಯವನ್ನು ಯಜಮಾನರು ವಿವರವಾಗಿ ಮಂಡಿಸಿದರು. ನಾನು ಅಳುತ್ತಿದ್ದೆ, ಗಲ್ಲ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದೆ. ಅವರು ಎರಡನೆಯ ಅಭಿಪ್ರಾಯಕ್ಕೆ ಬಂದರು. ಅಲ್ಲೆಲ್ಲೋ, ಕರು ಕಂದಾಗಿತ್ತೋ ಕಪ್ಪಾಗಿತ್ತೋ ಎನ್ನುವ ಕಡೆ, ನನ್ನ ಬೆನ್ನುಮೂಳೆಯ ಬುಡದಲ್ಲಿ ಏನೋ ಸಡಿಲವಾಯಿತು. ನಾಚಿಕೆಯಾಯಿತು. ಅಜ್ಜಿ ಅಲ್ಲಿ ಉಸಿರಿಗೆ ಹೆಣಗುತ್ತಿದ್ದಾಳೆ, ಇಲ್ಲಿ ನನಗೆ ನಿಜವಾಗಿ ಬೇಸರ ಬರುತ್ತಿದೆ. ಭಯ, ದುಃಖ, ಸಿಟ್ಟು ಎಲ್ಲವನ್ನೂ ಆ ಭಾಷಣ ರೋಲರಿನಂತೆ ಚಪ್ಪಟೆ ಮಾಡಿಹಾಕಿತ್ತು. ಆಕಳಿಕೆ ಬೆನ್ನು ಹತ್ತಿ, ಕುತ್ತಿಗೆ ಹತ್ತಿ, ಗಲ್ಲ ಹಿಡಿದಿದ್ದವನ ಕೈಯನ್ನು ಅತ್ತ ತಳ್ಳಿ ಹೊರಬಂತು.

ಮೊದಲು ಗಲ್ಲ ಹಿಡಿದಿದ್ದವನು ಆಕಳಿಸಿದ. ಅವನಿಂದ ಎಣ್ಣೆಯವಳಿಗೆ, ಅವಳಿಂದ ಪಂಪಿನವನಿಗೆ. ನಿಂಗಾಜಮ್ಮ ಸೆರಗು ಅಡ್ಡ ಹಿಡಿದು ಆಕಳಿಸಿದಳು. ನಡುಮನೆಯಿಂದ ಪಡಸಾಲೆಗೆ, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಬಾಯಿಗಳು ಸಾಲಾಗಿ ತೆರೆದುಕೊಂಡವು. ಕಂಬಳಿಗಳು, ಕೆಂಡಗಳು ಬಂದ ದಾರಿಯಲ್ಲೇ ಆಚೆ ಹೋದವು. ಕಿಟಕಿಗೆ ಒತ್ತಿದ ಹಲಗೆಗಳನ್ನು ಹಿಡಿದಿದ್ದವರು ಕಣ್ಣುಜ್ಜಿಕೊಳ್ಳುತ್ತ ಕೈಬಿಟ್ಟರು. ಗಾಳಿ ಒಳಗೆ ಬಂತು. ಸಂಪಂಗಯ್ಯನವರು ಮಾತ್ರ ಕೊನೆಯವರೆಗೂ ಹೋರಾಡಿದರು. “ಆದ್ದರಿಂದ ಆ ಕರು... ಆ ಕರು...” ಎನ್ನುತ್ತ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡು ಒರಳಿನಿಂದ ಇಳಿದು ಹೋದರು. ಕರುವಿನ ಬಣ್ಣ ನನಗೆ ಇಂದಿಗೂ ಗೊತ್ತಿಲ್ಲ.

ಅಜ್ಜಿಯ ದಬ್ಬೆ ಬಿಚ್ಚಿದೆ, ವಿಭೂತಿ ಒರೆಸಿದೆ, ಕೂರಿಸಿ ಬೆನ್ನಿಗೆ ನನ್ನ ಮೈ ಆನಿಸಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಉಸಿರು ಉದ್ದವಾಯಿತು. ಬೆರಳು ಬೇಗ ಮಾಯಿತು. ಉಳಿದ ಮೈ ಮಾಯಲು ಮಳೆಗಾಲ ಕಳೆಯಬೇಕಾಯಿತು. ಈಗಲೂ ಕಥೆ ಹೇಳುವಾಗ ರಾಕ್ಷಸ ಬರುವ ಕಡೆ ಅವಳಿಗೆ ದಮ್ಮು ಹತ್ತುತ್ತದೆ, ರಾಕ್ಷಸ ಅಲ್ಲೇ ನಿಂತು ಕಾಯುತ್ತಾನೆ.

ಊರವರು ಸೇರಿ ತೀರ್ಮಾನ ಮಾಡಿದರು. ದೇವೀರಮ್ಮನ ಉಗುರುಸುತ್ತು ವಾಸಿಯಾದದ್ದು ಯಜಮಾನರ ವಾಗ್ಬಲದಿಂದ. ಇನ್ನು ಮುಂದೆ ಊರಿನಲ್ಲಿ ಯಾರಿಗೆ ಏನಾದರೂ ಅವರು ಎರಡು ಮಾತನಾಡತಕ್ಕದ್ದು. ಬಾಯಿಬಟ್ಟೆಯ ಕಟ್ಟಳೆ ಹಾಗೆಯೇ ಮುಂದುವರಿಯತಕ್ಕದ್ದು. ಚಪ್ಪಾಳೆಯಾಯಿತು.

ಆಮೇಲೆ ಒಂದು ದಿನ ನಿಂಗಾಜಮ್ಮ ಹಿತ್ತಿಲಿನಿಂದ ಬಂದಳು. ಮುಂಬಾಗಿಲಿನಿಂದ ಬಂದರೆ ಯಾರಾದರೂ ನೋಡುತ್ತಾರಲ್ಲ. ನಾನು ಅಜ್ಜಿಗೆ ಗಂಜಿ ಆರಿಸುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸೊಪ್ಪಿನ ರೇಟು ಮಾತಾಡಿದಳು, ಆಮೇಲೆ ದನಿ ತಗ್ಗಿಸಿದಳು.

“ಇಂದ್ರೀ, ನಮ್ ಸೊಸೆಗೆ ದಿನ ತುಂಬ್ತಾ ಬಂತು ಕಣೆ. ಚೊಚ್ಚಲು. ನೋವು ಅಂದ್ರೆ ಅಷ್ಟಿಷ್ಟಲ್ವಲ್ಲ, ಊರೆಲ್ಲ ತುರಿಸ್ಕೊಂಡ್ ಬರ್ತದೆ. ನೀನು ಬಂದು ಒಳಗೆ, ಅವಳ ಎದ್ರಿಗೇ ಕೂತ್ಕೊ. ಗೋಡೆ ಕಡೆಗಲ್ಲ.”

“ಅವತ್ತು ಹುಷಾರಾಗಿದ್ದು ಯಜಮಾನ್ರಿಂದ ಅಲ್ವಾ ನಿಂಗಾಜಕ್ಕ? ಅವ್ರನ್ನೇ ಕರ್ಕೊಂಡ್ ಹೋಗಿ ಕೂರ್ಸು.”

“ಚುಚ್ಬೇಡ್ವೇ. ನಾನ್ ನೋಡ್ಲಿಲ್ವಾ ಯಾರ್ ಮೊದ್ಲು ಬಾಯ್ ಬಿಟ್ಟಿದ್ದು ಅಂತ?”

ಅಜ್ಜಿ ಹಾಸಿಗೆಯಿಂದಲೇ, “ನೋಡಿದ್ದನ್ನ ಅವತ್ತು ಸಭೇಲಿ ಹೇಳೋಕೆ ನಿಂಗೇನ್ ದವಡೆ ಹಿಡ್ಕೊಂಡಿತ್ತಾ?” ಎಂದಳು. ನಿಂಗಾಜಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತಿದಳು. ಹೋಗಲಿಲ್ಲ. ಕೊನೆಗೆ ಕೇಳಬೇಕೆಂದು ಬಂದದ್ದನ್ನು ಕೇಳಿದಳು.

“ಮಗು ಇನ್ನೂ ಅರ್ಧ ಒಳಗಿರೋವಾಗ್ಲೇ ನಿಂಗೆ ಬಂದ್ಬಿಟ್ರೆ? ಮಾದಯ್ಯನ್ ಕಾಲಿಗಾದಂಗೆ?”

ಅಜ್ಜಿಯ ಕಥೆಯ ಹುಡುಗಿಯರಿಗೆ ಇಂಥ ಹೊತ್ತಿನಲ್ಲಿ ಒಂದು ಗಿಣಿಯಾದರೂ ಬಂದು ಉತ್ತರ ಹೇಳಿಕೊಡುತ್ತದೆ. ನಾನು ಹಿತ್ತಿಲಿನ ಕಡೆ ನೋಡಿದೆ. ಒಂದು ಕಾಗೆ ಇತ್ತು, ಅದೂ ಹಾರಿಹೋಯಿತು.

“ಬರಲ್ಲ ಅಂತ ಹೇಳೋಕಾಗಲ್ಲ ನಿಂಗಾಜಕ್ಕ,” ಎಂದೆ. “ಯಾವಾಗ ಸಾಕು ಅನ್ನೋದು ನಂಗೂ ಗೊತ್ತಾಗಲ್ಲ. ಬಂದಾಗ್ಲೇ ಗೊತ್ತಾಗೋದು.”

“ನಂಗೆ ಹೆದ್ರಿಕೆ ಕಣೆ.”

“ನಂಗೂ.”

ಅವಳು ನನ್ನ ಮುಖವನ್ನೇ ನೋಡಿದಳು. ಸೂಜಿಯ ತುದಿ ಬೆಂಕಿಯಲ್ಲಿ ಕಾಯಿತೋ ಇಲ್ಲವೋ ಎಂದು ನೋಡುವಂತೆ ನೋಡಿದಳು. ಆಮೇಲೆ ಎದ್ದು ನಿಂತಳು.

“ಹಂಗಾದ್ರೆ ಬಾ,” ಎಂದಳು.